ಅಡುಗೆಮನೆ ಗೋಡೆಯ ಇಂಗ್ಲಿಷು

ಬತ್ತಿ ಸ್ಟೌ ಹಚ್ಚಿದಾಗ ಮೊದಲು ಹಳದಿಯಾಗಿ ಉರಿಯುತ್ತ ಒಂದಿಷ್ಟು ಹೊಗೆ ಬಿಡುತ್ತದಲ್ಲ, ಆ ಸೀಮೆಎಣ್ಣೆ ವಾಸನೆ ನನಗೆ ಆಗುವುದಿಲ್ಲ. ನಮ್ಮ ಶಾಲೆಯ ಆಯಾಗೆ ಇದು ಗೊತ್ತಿಲ್ಲ. ಟೀಚರಿಗೆ ಹೊಗೆ ಕಂಡರೆ ತಲೆನೋವು ಅಂದುಕೊಂಡಿದ್ದಾಳೆ. ಈ ಜೂನಿನಲ್ಲಿ ಒಂದು ದಿನ ಗ್ಯಾಸ್ ಮುಗಿದು, ಅವಳು ಸ್ಟಾಫ್ ರೂಮಿನ ಮೂಲೆಯಲ್ಲಿ ಹಳೇ ಸ್ಟೌ ಹಚ್ಚಿ ಟೀಗೆ ನೀರಿಟ್ಟಿದ್ದಳು. ನಾನು ಎಂಟನೇ ತರಗತಿಗೆ ಆಡ್ವರ್ಬ್ ಪಾಠ ಮುಗಿಸಿ ಆಗ ತಾನೇ ಬಂದು ಕೂತಿದ್ದೆ. ಕೈತುಂಬ ಸೀಮೆಸುಣ್ಣದ ಪುಡಿ. ಹೊರಗೆ ಟಿ. ನರಸೀಪುರದ ಮೇಲೆ ಸೋನೆ ಮಳೆ. ಸುಣ್ಣದ ವಾಸನೆ, ಸೀಮೆಎಣ್ಣೆ ವಾಸನೆ, ಮಳೆ ಮೂರೂ ಒಟ್ಟಿಗೆ ಬಂದವು. ನಾನು ಟೀ ಕುಡಿಯದೆ ಎದ್ದು ಹೊರಗೆ ಹೋಗಿ ನಿಂತೆ. ಆಯಾ ಹಿಂದಿನಿಂದ, "ಮಿಸ್ಸಿಗೆ ಮತ್ತೆ ತಲೆನೋವು ಸುರುವಾಯ್ತು" ಅಂದದ್ದು ಕೇಳಿಸಿತು.

ಆ ಮೂರೂ ಒಟ್ಟಿಗಿದ್ದ ಒಂದು ಮಳೆಗಾಲ ನಮ್ಮ ಮನೆಯಲ್ಲಿ ಆಗಿ ಹೋಗಿದೆ. ಹತ್ತು ವರ್ಷದ ಮೇಲಾಯಿತು.

ಆಗ ನಾವು ನಂಜನಗೂಡಿನಲ್ಲಿ, ಹೊಳೆಯ ಕಡೆಗೆ ಇಳಿಯುವ ಒಂದು ಸಂದಿಯಲ್ಲಿ ಇದ್ದೆವು. ಅವ್ವ, ಅಣ್ಣ, ಅತ್ತಿಗೆ, ನಾನು. ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದ. ಅಣ್ಣ ಮಹದೇವ ತಾಂಡ್ಯದ ಒಂದು ನೂಲಿನ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ನನ್ನನ್ನು ಓದಿಸಿದವನು ಅವನೇ. ಆ ವರ್ಷ ನಾನು ಮೈಸೂರಿನಲ್ಲಿ ಬಿ.ಎಡ್ ಮಾಡುತ್ತಿದ್ದೆ. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಿದ್ದೆ. ಅತ್ತಿಗೆ ರತ್ನಮ್ಮ ಟಿ. ನರಸೀಪುರದ ಕಡೆಯ ಹೆಮ್ಮಿಗೆಯವಳು, ನನಗಿಂತ ಸ್ವಲ್ಪವೇ ದೊಡ್ಡವಳು. ಮದುವೆಯಾಗಿ ಬಂದು ಎರಡನೇ ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಎಲ್ಲ ವಿಷಯವೂ ಪಾಸಾಗಿ ಇಂಗ್ಲಿಷ್ ಒಂದು ಉಳಿದಿತ್ತು. ಕಟ್ಟಿದ್ದಳು, ಹೋಗಿತ್ತು. ಮತ್ತೆ ಕಟ್ಟಿದ್ದಳು, ಮತ್ತೆ ಹೋಗಿತ್ತು.

ಹೆಮ್ಮಿಗೆಯ ಅಂಗನವಾಡಿಯ ಮಿಸ್ಸು ಇನ್ನೇನು ಕೆಲಸ ಬಿಡುವವರಿದ್ದರು. ಆ ಜಾಗಕ್ಕೆ ಊರಿನ ಹೆಣ್ಣುಮಗಳೇ ಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು ಎಂದು ಅಣ್ಣ ಎಲ್ಲಿಂದಲೋ ಸುದ್ದಿ ತಂದ. ಮಿಲ್ಲು ಯಾವಾಗ ಬಾಗಿಲು ಹಾಕುತ್ತದೋ ಎಂಬ ಅಂಜಿಕೆ ಅವನಿಗೆ ಸದಾ ಇತ್ತು. "ನೀನು ಅಕ್ಟೋಬರ್ ಪರೀಕ್ಸೆಲಿ ಇಂಗ್ಲಿಸ್ ಒಂದು ತೆಕ್ಕೊಬುಡು, ಎಲ್ರೂ ಎಮ್ಮಿಗೆಗೇ ಓಗಿರಣ. ನಾನು ಅಲ್ಲಿಂದ್ಲೇ ತಾಂಡ್ಯಕ್ಕೆ ಓಡಾಡ್ತೀನಿ" ಅಂದ ಅತ್ತಿಗೆಗೆ. ಆಮೇಲೆ ನನ್ನ ಕಡೆ ತಿರುಗಿ, "ಲೇ ಸುಸೀಲ, ಮೈಸೂರಲ್ಲಿ ಮೇಸ್ಟ್ರಾಗದು ಕಲ್ತಿದೀಯಲ್ಲ, ಇವಳ್ನ ಪಾಸ್ ಮಾಡ್ಸು ನೋಡಮ. ಆಗ ನೀನು ಮೇಸ್ಟ್ರು ಅಂತ ಒಪ್ಕತೀನಿ" ಅಂದ.

ಹೀಗೆ ನನ್ನ ಮೊದಲ ವಿದ್ಯಾರ್ಥಿನಿ ನನ್ನ ಅತ್ತಿಗೆ. ಶಾಲೆ ನಮ್ಮ ಅಡುಗೆಮನೆ. ಒಲೆಯ ಹೊಗೆಗೆ ಕಪ್ಪಗಾಗಿದ್ದ ಗೋಡೆಯೇ ಬೋರ್ಡು. ನಾನು ಕಾಲೇಜಿನಿಂದ ತಂದ ತುಂಡು ಸೀಮೆಸುಣ್ಣದಲ್ಲಿ ಆ ಗೋಡೆಯ ಮೇಲೆ ಬರೆಯುತ್ತಿದ್ದೆ, ಅತ್ತಿಗೆ ಹಿಟ್ಟು ತಿರುವುತ್ತಲೋ ಸೊಪ್ಪು ಸೋಸುತ್ತಲೋ ಓದುತ್ತಿದ್ದಳು. ಮಳೆಗಾಲಕ್ಕೆ ಸೌದೆ ನೆನೆದು ಹೊತ್ತಿಕೊಳ್ಳದೆ ಸ್ಟೌ ಹಚ್ಚಬೇಕಾಗುತ್ತಿತ್ತು. ಅವ್ವ ಬಾಗಿಲ ಹತ್ತಿರ ಕೂತು ಎಲೆ ಅಡಿಕೆ ಹಾಕುತ್ತ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಅವಳಿಗೆ ಕನ್ನಡ ಅಕ್ಷರವೂ ಬರುತ್ತಿರಲಿಲ್ಲ.

ನಾನು ಸ್ವಲ್ಪ ಸಿಡುಕಿನವಳು, ಈಗಲೂ ಹಾಗೆಯೇ. ನಾಮಪದ, ಸರ್ವನಾಮ ಎಂದು ಶುರುಮಾಡಿ ಮೂರೇ ದಿನಕ್ಕೆ ತಾಳ್ಮೆ ಕೆಟ್ಟಿತು. ಅತ್ತಿಗೆಗೆ ಯಾವುದೂ ಹಿಡಿಯುತ್ತಿರಲಿಲ್ಲ. ಆದರೆ ಆಡ್ವರ್ಬಿಗೆ ಬಂದಾಗ ಅವಳ ಮುಖವೇ ಬೇರೆಯಾಯಿತು. ಮಾಡುವ ಕೆಲಸ ಒಂದು ಹಿಡಿದುಕೊ, ಅದನ್ನು ಹೇಗೆ ಮಾಡಿದೆ, ಯಾವಾಗ ಮಾಡಿದೆ, ಎಲ್ಲಿ ಮಾಡಿದೆ, ಎಷ್ಟು ಸಲ ಮಾಡಿದೆ ಎಂದು ಕೇಳು, ಬರುವ ಉತ್ತರವೇ ಆಡ್ವರ್ಬ್ ಅಂತ ನಾನು ಹೇಳಿದ್ದೆ. ಅವಳು ಕೈಲಿದ್ದ ಕೋಲನ್ನು ಹಿಟ್ಟಿನ ಪಾತ್ರೆಯಲ್ಲೇ ಬಿಟ್ಟು ನನ್ನ ಕಡೆ ತಿರುಗಿದಳು.

"ಅಂದ್ರೆ ನಮ್ಮಲ್ಲಿ ಜೋರಾಗಿ, ಚೆನ್ನಾಗಿ, ನಿದಾನ್ವಾಗಿ ಅಂತೀವಲ್ಲ, ಆ 'ಆಗಿ'ನೇ ಇವ್ರು 'ಲಿ' ಅಂತಾರೆ. ಅಷ್ಟೇ ತಾನೆ?"

"ಅಷ್ಟೇ ಅತ್ಗೆ."

"ಜೋರಾಗಿ ಅಂದ್ರೆ ಲೌಡ್ಲಿ. ಮೆಲ್ಲುಗೆ ಅಂದ್ರೆ?"

"ಸಾಫ್ಟ್ಲಿ. ಮೆಲ್ಲಗೆ ಮಾತಾಡೋದಾದ್ರೆ ಸಾಫ್ಟ್ಲಿ, ಮೆಲ್ಲಗೆ ನಡೆಯೋದಾದ್ರೆ ಸ್ಲೋಲಿ."

"ಇದು ಇಷ್ಟೇನಾ! ಸುಮ್ಕೆ ಎದರ್ಕೊಂಡಿದ್ನಲ್ಲಪ್ಪ."

ಅವತ್ತಿನಿಂದ ನಮ್ಮ ಮನೆಯಲ್ಲಿ ಯಾವ ಕೆಲಸವೂ ಬರಿದಾಗಿ ನಡೆಯಲಿಲ್ಲ. ಅತ್ತಿಗೆ ನೀರು ತಂದಿಟ್ಟು "ಕ್ವಿಕ್ಲಿ" ಅನ್ನುವಳು. ಅವ್ವನಿಗೆ ಊಟ ಬಡಿಸುತ್ತ "ನೈಸ್ಲಿ" ಅನ್ನುವಳು. ಅವ್ವ, "ಏನಂತಾಳೆ ಇವ್ಳು, ಬೈತಾವ್ಳಾ?" ಎಂದು ನನ್ನನ್ನು ಕೇಳುವಳು. ಫಾಸ್ಟ್ ಎನ್ನುವುದಕ್ಕೆ 'ಲಿ' ಹಚ್ಚಬಾರದು, ಅದು ಹಾಗೇ ಇರುತ್ತದೆ ಎಂದಾಗ ಮಾತ್ರ ಅತ್ತಿಗೆಗೆ ಸಂಕಟವಾಯಿತು. "ಎಲ್ರಿಗೂ ಬಾಲ ಕೊಟ್ಬುಟ್ಟು ಇದ್ಕೊಂದ್ಕೆ ಯಾಕ್ ಕೊಡ್ನಿಲ್ಲ? ಪಾಪ" ಅಂದಳು. ಆಗ ತಾನೇ ಒಳಗೆ ಬಂದ ಅಣ್ಣ, "ಬಾಲ ಇಟ್ಕಂಡು ಜೋರಾಗ್ ಓಡಕಾದದಾ?" ಅಂದ. ಇನ್ನೊಂದು ದಿನ, ದಬಕ್ಕನೆ ಬಿದ್ದ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನು ಎಂದು ಕೇಳಿದಳು. ನಾನು ಯೋಚಿಸಿ "ಸಡನ್ಲಿ" ಅಂದೆ. ಅವಳು ಅದನ್ನು ಎರಡು ಸಲ ಬಾಯಲ್ಲಿ ಆಡಿಸಿ ನೋಡಿ, "ಇದ್ರಲ್ಲಿ ಬಿದ್ದ ಸದ್ದೇ ಇಲ್ವಲ್ಲ ಸುಸೀಲ" ಅಂದಳು.

ಅಣ್ಣನ ಕೆಲಸ ಸಂಜೆಗೇ ಮುಗಿಯುತ್ತಿತ್ತು. ಆದರೂ ಅವನು ಮನೆಗೆ ಬರುವಾಗ ದೀಪ ಹಚ್ಚಿ ಎಷ್ಟೋ ಹೊತ್ತಾಗಿರುತ್ತಿತ್ತು. ಮಿಲ್ಲಿನ ಹತ್ತಿಯ ಜುಂಗು ಅವನ ತಲೆ, ಹುಬ್ಬು, ಕಿವಿ ಎಲ್ಲದರಲ್ಲೂ ಕೂತಿರುತ್ತಿತ್ತು. ಅದನ್ನು ಮನೆಗೆ ತಂದರೆ ಅವ್ವನಿಗೆ ಕೆಮ್ಮು ಬರುತ್ತದೆಂದು, ಸೈಕಲ್ಲನ್ನು ಸೋಪಾನಕಟ್ಟೆಯ ಹತ್ತಿರ ನಿಲ್ಲಿಸಿ ಹೊಳೆಯಲ್ಲಿ ಮುಳುಗಿ ಎದ್ದು ಬರುತ್ತಿದ್ದ. ಮಳೆಗೆ ಕಪಿಲೆ ಕೆಂಪಗೆ ಏರಿ ಮೆಟ್ಟಿಲು ಮುಳುಗಿದ ಮೇಲೂ, ಮೇಲಿನ ಮೆಟ್ಟಿಲಲ್ಲೇ ಕೂತು ಚೊಂಬಿನಲ್ಲಿ ಮೊಗೆದು ಸುರಿದುಕೊಳ್ಳುತ್ತಿದ್ದ. ಅಲ್ಲಿ ಯಾರಾದರೂ ಸಿಕ್ಕರೆ ಮಾತಿಗೆ ನಿಲ್ಲುವನು. ಬಿಸಿ ಬಿಸಿ ಮುದ್ದೆ ತಣ್ಣಗಾಗುವುದು ಅತ್ತಿಗೆಗೆ ದಿನದ ದುಃಖ.

ಅದಕ್ಕೇ ನಾನು ಒಂದು ಸಂಜೆ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: ಮಹದೇವ ಆಲ್ವೇಸ್ ಕಮ್ಸ್ ಹೋಮ್ ಲೇಟ್. ಎಷ್ಟು ಸಲ ಎಂದು ಹೇಳುವ ಮಾತು ಕೆಲಸಕ್ಕಿಂತ ಮುಂಚೆ ಬರುತ್ತದೆ, ಆಲ್ವೇಸ್ ನೋಡು; ಲೇಟ್ ಎನ್ನುವುದು ಅಣ್ಣನ ಹಾಗೆ ಎಲ್ಲರಿಗಿಂತ ಕೊನೆಗೆ ಬರುತ್ತದೆ ಎಂದೆ. ಅತ್ತಿಗೆ ನಗುತ್ತ ಓದಿದಳು.

"ಅವ್ರು ಆಲ್ವೇಸ್ ಕಮ್ಸ್ ಹೋಮ್ ಲೇಟ್."

"ಅವ್ರು ಅನ್ನೋದು ಇಂಗ್ಲಿಷಲ್ಲ. ಬರ್ದಿರೋದನ್ನ ಓದು."

"ಬೇಕಾದ್ರೆ ಬರ್ದ್ ತೋರುಸ್ತೀನಿ ಕಣೆ. ಬಾಯಲ್ಲಿ ಏಳಕಿಲ್ಲ."

ಅವಳು ಗಂಡನ ಹೆಸರು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ನಮ್ಮ ಕಡೆ ಬಹಳ ಜನ ಹೇಳುವುದಿಲ್ಲ. ಆದರೆ ಅತ್ತಿಗೆಯಷ್ಟು ನಿಷ್ಠೆಯವರನ್ನು ನಾನು ಕಂಡಿಲ್ಲ. ಸಂದಿಯ ತುದಿಯ ಅಂಗಡಿಯವನ ಹೆಸರೂ ಮಹದೇವ ಆದ್ದರಿಂದ ಅದು "ಅವ್ರ್ ಎಸ್ರಿನೋರ ಅಂಗ್ಡಿ". ಅದೇ ಹೆಸರಿನ ಬೆಟ್ಟದ ದೇವರಿಗೆ ಹರಕೆ ಹೊರುವಾಗಲೂ "ಬೆಟ್ಟದ್ ಸ್ವಾಮಿ" ಎನ್ನುತ್ತಿದ್ದಳೇ ಹೊರತು ದೇವರ ಹೆಸರನ್ನೂ ಎತ್ತುತ್ತಿರಲಿಲ್ಲ.

"ಹೇಳಿದ್ರೆ ಏನಾಗುತ್ತೆ?" ಎಂದೆ.

"ಅವ್ರ ಆಯಸ್ಸು ಕಮ್ಮಿಯಾಯ್ತದೆ. ನಮ್ಮವ್ವ ಏಳ್ನಿಲ್ಲ, ನಮ್ಮಜ್ಜಿ ಏಳ್ನಿಲ್ಲ."

"ಬಲವಂತ ಮಾಡ್ಬ್ಯಾಡ ಕಣೆ. ನಾನೂ ಏಳ್ದೋಳಲ್ಲ" ಎಂದಳು ಬಾಗಿಲಲ್ಲಿದ್ದ ಅವ್ವ. ಹೆಸರು ಹೇಳದೆಯೇ ಅವ್ವ ಅಪ್ಪನನ್ನು ಅಷ್ಟು ಬೇಗ ಕಳೆದುಕೊಂಡಿದ್ದಳು ಎನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಅಷ್ಟರಲ್ಲಿ ಅಣ್ಣ ಒದ್ದೆ ತಲೆಯಲ್ಲಿ ಒಳಗೆ ಬಂದು ಗೋಡೆ ನೋಡಿದ. ಅವನಿಗೂ ಹೈಸ್ಕೂಲಿನ ಇಂಗ್ಲಿಷ್ ಅಷ್ಟಿಷ್ಟು ಬರುತ್ತಿತ್ತು. ಕೂಡಿಸಿ ಕೂಡಿಸಿ ಓದಿ, "ನನ್ ಮನೇಲಿ ನನ್ ಮೇಲೇ ಗೋಡೆಬರಾನಾ?" ಎಂದು ನನ್ನ ಜಡೆ ಎಳೆದ. "ಅಳಿಸ್ಬ್ಯಾಡ ಬುಡು, ನಾನು ಬೇಗ ಬಂದ ದಿವ್ಸ ನಾನೇ ಅಳಿಸ್ತೀನಿ" ಅಂದ. ಗೋಡೆಯ ಮಿಕ್ಕ ವಾಕ್ಯಗಳೆಲ್ಲ ದಿನವೂ ಬದಲಾದವು, ಅದೊಂದು ಹಾಗೇ ಉಳಿಯಿತು.

ಅವನು ಅವಳನ್ನು ಹೆಸರು ಹಿಡಿದು ಕರೆದದ್ದನ್ನೂ ನಾನು ಕೇಳಿರಲಿಲ್ಲ. ಅವ್ವನ ಮುಂದೆ "ಏ, ಇಲ್ ಬಾ" ಅಷ್ಟೇ. ಆದರೂ ಅವರಿಬ್ಬರ ನಡುವೆ ಎಷ್ಟು ಪ್ರೀತಿ ಇತ್ತೆಂದು ನನಗೆ ಗೊತ್ತಿತ್ತು. ಆಲ್ವೇಸ್, ಸಮ್‌ಟೈಮ್ಸ್, ನೆವರ್ ಎಂದು ನಾನು ಬರೆದುಕೊಟ್ಟು ಮನೆಯವರ ಮೇಲೆ ಒಂದೊಂದು ವಾಕ್ಯ ಮಾಡು ಎಂದಾಗ, ಬೈಯುವುದರ ಮೇಲೆ ಮಾಡಿದಳು. ಆಲ್ವೇಸ್ ಬೈಯುವವಳು ನಾನು. ಸಮ್‌ಟೈಮ್ಸ್ ಅವ್ವ. ನೆವರ್ ಎಂದು ಬರೆಯುವಾಗ ಅವಳು ಸೀಮೆಸುಣ್ಣವನ್ನು ಗೋಡೆಗೆ ಒತ್ತಿ ಹಿಡಿದ ರೀತಿ ಈಗಲೂ ಕಣ್ಣ ಮುಂದಿದೆ.

ಶ್ರಾವಣದಲ್ಲಿ ಒಂದು ದಿನ ಮಿಲ್ಲಿನ ಜೊತೆಗಾರ ಒಬ್ಬ ಮನೆ ಬಾಗಿಲಿಗೆ ಬಂದ. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ಅವ್ವ ಬಳಗದವರ ಊರಿಗೆ ಹೋಗಿದ್ದಳು. ನಾನು ಮೈಸೂರಿನಲ್ಲಿದ್ದೆ. ಮನೆಯಲ್ಲಿ ಅತ್ತಿಗೆ ಒಬ್ಬಳೇ. "ತಾಂಡ್ಯ ರೋಡಲ್ಲಿ ಲಾರಿ ತಾಗುಸ್ಕಂಡ್ ಓಯ್ತು ಕಣವ್ವ. ಸೈಕಲ್ಲಿಂದ ದಬಕ್ನೆ ಬಿದ್ಬುಟ್ರು. ಮೈಸೂರಿಗೆ ತಕಂಡ್ ಓಗವ್ರೆ, ಮಾತಾಡ್ತಾವ್ರೆ, ಎದರ್ಕಬ್ಯಾಡ" ಎಂದು ಹೇಳಿ, ಆಸ್ಪತ್ರೆ ಯಾವುದೆಂದು ತಿಳಿಸಿ, ಅವ್ವನಿಗೆ ಸುದ್ದಿ ಮುಟ್ಟಿಸಲು ಹೋದ. ಅತ್ತಿಗೆ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು. ಮೈಸೂರಿಗೆ ಅವಳು ಒಬ್ಬಳೇ ಹೋದದ್ದು ಅದೇ ಮೊದಲು.

ಮುಂದಿನದನ್ನು ಎಷ್ಟೋ ದಿನದ ಮೇಲೆ ಅವಳೇ ನನಗೆ ಹೇಳಿದಳು. ಆಸ್ಪತ್ರೆಯಲ್ಲಿ ಒಂದು ಕಿಟಕಿ, ಅದರ ಮುಂದೆ ಜನ. ಒಳಗಿದ್ದವರು ಪೇಷೆಂಟ್ ಹೆಸರು ಕೇಳಿ, ದೊಡ್ಡ ಪುಸ್ತಕ ನೋಡಿ, ವಾರ್ಡ್ ಯಾವುದೆಂದು ಹೇಳುತ್ತಿದ್ದರು. ಆ ಚೀಟಿ ಇಲ್ಲದೆ ಒಳಗೆ ಬಿಡುವುದಿಲ್ಲ.

"ಪೇಷೆಂಟ್ ಹೆಸರೇನಮ್ಮ?"

"ನಮ್ಮೆಜಮಾನ್ರು ಸಾ. ನಂಜನಗೂಡ್ನೋರು."

"ಹೆಸರು ಹೇಳಮ್ಮ. ನಂಜನಗೂಡು ಕಡೆಯಿಂದ ಬೇಕಾದಷ್ಟು ಜನ ಬಂದಿದಾರೆ."

"ಅದೇ ಸಾ... ಬೆಟ್ಟದ್ ಸ್ವಾಮಿ ಎಸ್ರು ಸಾ."

ಆತ ಗದರಲಿಲ್ಲವಂತೆ. ಗಾಬರಿಗೆ ಹೆಸರು ಮರೆತಿದ್ದಾಳೆ ಅಂದುಕೊಂಡಿರಬೇಕು. "ಸುಧಾರಿಸ್ಕೊಳಮ್ಮ, ಪಕ್ಕದಲ್ಲಿ ನಿಂತ್ಕೊ, ಜ್ಞಾಪಕ ಬಂದ ಮೇಲೆ ಹೇಳು" ಎಂದು ಹಿಂದಿನವರನ್ನು ಕರೆದರಂತೆ.

ಅತ್ತಿಗೆ ಪಕ್ಕಕ್ಕೆ ಸರಿದು ಕಂಬ ಹಿಡಿದು ನಿಂತಳು. ಹೇಳಬೇಕೆಂದು ಬಾಯಿ ತೆರೆಯುವಳು, ಸೆರಗು ಬಾಯಿಗೆ ಒತ್ತಿಕೊಳ್ಳುವಳು. ನನಗೆ ಇದನ್ನು ಹೇಳುವಾಗ ಅವಳು ಅಳಲಿಲ್ಲ. "ಯಾವತ್ತೂ ಏಳ್ದೆ ಇದ್ದೋಳು, ಅವತ್ತು ಏಳಕಾದದಾ ಸುಸೀಲ? ಜೀವ ತೂಗಾಡ್ತಾ ಇರೋ ದಿವ್ಸ? ನಾನ್ ಏಳಿದ್ರೆ ಅವ್ರ್ ಉಳಿಯಕಿಲ್ಲ ಅನ್ನುಸ್ತು. ಅವ್ರು ಉಳೀಲಿ ಅಂತ್ಲೇ ಬಾಯ್ ಕಟ್ಕಂಡ್ ನಿಂತಿದ್ದೆ" ಅಂದಳು. ಯಾರಾದರೂ ನಮ್ಮವರು ಬರುತ್ತಾರೆ, ಅವರು ಹೇಳುತ್ತಾರೆ ಎಂದು ಬಾಗಿಲು ನೋಡುತ್ತ ಇದ್ದಳಂತೆ. ನಾನು ಅದೇ ಊರಿನಲ್ಲಿ, ನಡೆದು ಬರುವಷ್ಟು ದೂರದಲ್ಲಿ, ಇನ್ಯಾರದೋ ಮಕ್ಕಳಿಗೆ ಪ್ರಾಕ್ಟೀಸ್ ಪಾಠ ಮಾಡುತ್ತಿದ್ದೆ. ಆಗ ನಮ್ಮಲ್ಲಿ ಯಾರ ಹತ್ತಿರವೂ ಫೋನಿರಲಿಲ್ಲ, ನನಗೆ ಯಾರೂ ಸುದ್ದಿ ಮುಟ್ಟಿಸುವ ಹಾಗಿರಲಿಲ್ಲ.

ಬರೆದು ತೋರಿಸಬಹುದು ಎನ್ನುವುದು ಆ ಗಾಬರಿಯಲ್ಲಿ ಅವಳಿಗೆ ಎಷ್ಟೋ ಹೊತ್ತು ಹೊಳೆಯಲಿಲ್ಲ. ಹೊಳೆದ ಮೇಲೆ ಪಕ್ಕದವರ ಹತ್ತಿರ ಪೆನ್ನು ಬೇಡಿ, ಬಸ್ ಟಿಕೆಟಿನ ಹಿಂದೆ ಹೆಸರು ಬರೆದು ಕಿಟಕಿಯೊಳಗೆ ನೀಡಿದಳು. ಆತ ಪುಸ್ತಕ ನೋಡಿ ತಕ್ಷಣ ಚೀಟಿ ಕೊಟ್ಟರು. ಅವಳು ಮೆಟ್ಟಿಲು ಹತ್ತಿ ಓಡಿದಳು.

ವಾರ್ಡಿನ ಬಾಗಿಲಲ್ಲಿದ್ದ ನರ್ಸಮ್ಮ ಅವಳನ್ನು ತಡೆದು ನಿಲ್ಲಿಸಿ, "ರತ್ನ ಅಂದ್ರೆ ನೀವೇನಾ?" ಎಂದು ಕೇಳಿದರಂತೆ. "ಇಷ್ಟೊತ್ತೂ ಅದೇ ಹೆಸರು ಕರೀತಿದ್ರು. ಈಗ ತಾನೇ..." ಎಂದು ಅವಳ ಭುಜ ಹಿಡಿದುಕೊಂಡರಂತೆ.

ಒಳಗೇ ರಕ್ತ ಹೋಗಿತ್ತು, ಯಾರು ಬಂದರೂ ಉಳಿಸುವಂತಿರಲಿಲ್ಲ ಎಂದು ಡಾಕ್ಟರು ನನಗೆ ಹೇಳಿದರು. ಅತ್ತಿಗೆಗೂ ಹೇಳಿದರು. ಅವಳು ತಲೆಯಾಡಿಸಿದಳು. ಆದರೆ ಅವಳು ಕಳೆದುಕೊಂಡದ್ದು ಡಾಕ್ಟರು ಹೇಳುತ್ತಿದ್ದ ವಿಷಯವಲ್ಲ. ನನ್ನ ಅಣ್ಣ ಬಾಯಿಬಿಟ್ಟು ಅವಳ ಹೆಸರು ಕರೆಯುತ್ತಿದ್ದಾಗ ಅವಳು ಕೆಳಗೆ ಕಂಬ ಹಿಡಿದು, ಅವನ ಹೆಸರನ್ನು ಬಾಯಲ್ಲೇ ಬಚ್ಚಿಟ್ಟುಕೊಂಡು ನಿಂತಿದ್ದಳು. ಇದನ್ನು ನೆನೆದರೆ ಇವತ್ತಿಗೂ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯುವುದಿಲ್ಲ.

ಹೊಳೆ ದಂಡೆಯಲ್ಲೇ ಅಣ್ಣನ ಕಾರ್ಯ ಮುಗಿಯಿತು. ಬೂದಿಯನ್ನು ಕಪಿಲೆಗೆ ಬಿಟ್ಟೆವು. ಅವನು ದಿನವೂ ಕೂತು ಹತ್ತಿಯ ಜುಂಗು ತೊಳೆದುಕೊಳ್ಳುತ್ತಿದ್ದ ಮೆಟ್ಟಿಲಿಗೆ ಒಂದಿಷ್ಟು ಕೆಳಗೆ. ಮಳೆ ಬಿಡಲೇ ಇಲ್ಲ. ಬಂದವರೆಲ್ಲ ಒದ್ದೆ ಸೀರೆಯಲ್ಲೇ ಕೂತು ಹೇಗಾಯ್ತು, ಯಾವಾಗಾಯ್ತು, ಎಲ್ಲಾಯ್ತು ಎಂದು ಕೇಳುತ್ತಿದ್ದರು. ಅವ್ವ ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಿ ಅಳುತ್ತಿದ್ದಳು. ಅತ್ತಿಗೆ ಮಾತ್ರ ಅಳಲಿಲ್ಲ. ನಾವು ಬೇಡ ಎಂದರೂ ಹೊತ್ತು ಮುಳುಗಿದ ಮೇಲೆ ಮುದ್ದೆ ಕಟ್ಟಿ ತಟ್ಟೆ ಮುಚ್ಚಿಡುತ್ತಿದ್ದಳು. ಪರೀಕ್ಷೆಯ ಸುದ್ದಿ ಎತ್ತಿದಾಗ ನೆಂಟರಲ್ಲಿ ಒಬ್ಬಾಕೆ, "ಗಂಡ ಓಗಿ ಇನ್ನೂ ಮೈಲಿಗೆ ಕಳ್ದಿಲ್ಲ, ಇವ್ಳು ಪೆನ್ ಇಡ್ಕಂಡ್ ಓಗ್ಬೇಕಾ? ವರ್ಸ ತುಂಬೋಗಂಟ ಒಸ್ತಿಲು ದಾಟ್ಬಾರ್ದು" ಅಂದಳು. ಅಂಗನವಾಡಿಯ ಜಾಗ ಒಂದು ವರ್ಷ ಕಾಯುವುದಿಲ್ಲ. ಈಗ ತಪ್ಪಿದರೆ ಅತ್ತಿಗೆಗೆ ಮುಂದೆ ಜೀವನಪೂರ್ತಿ ಇನ್ನೊಬ್ಬರ ಗದ್ದೆಯ ನಾಟಿಯೇ ಗತಿ. ಅದು ನನಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು.

ತಿಥಿಯೆಲ್ಲ ಕಳೆದು ಮನೆ ತೊಳೆಯುವ ದಿನ ಬಂತು. ಪಾತ್ರೆ ಪಡಗವನ್ನೆಲ್ಲ ಹೊರಗಿಟ್ಟು ನೆಲ ತೊಳೆದೆವು. ಅವ್ವ ಸೀಗೆಪುಡಿ ನೀರಿನಲ್ಲಿ ಬಟ್ಟೆ ಅದ್ದಿಕೊಂಡು ಅಡುಗೆಮನೆಯ ಗೋಡೆ ಉಜ್ಜಲು ಹೋದಳು. ಇಷ್ಟು ದಿನ ಮುದ್ದೆ ಕಟ್ಟುವುದಕ್ಕೆ ಬಿಟ್ಟರೆ ಮೂಲೆ ಬಿಟ್ಟು ಏಳದಿದ್ದ ಅತ್ತಿಗೆ ಎದ್ದು ಬಂದು ಅವಳ ಕೈ ಹಿಡಿದುಕೊಂಡಳು.

"ಇದೊಂದ್ ಬುಡಿ ಅತ್ತೆ."

"ಯಾಕವ್ವ? ಎಲ್ಲಾ ತೊಳೀಬೇಕು, ಮೈಲಿಗೆ."

"ಇದ್ರಲ್ಲಿ ಅವ್ರ್ ಎಸ್ರದೆ."

ಅವ್ವ ಗೋಡೆಯನ್ನು ನೋಡಿದಳು. ಅವಳಿಗೆ ಬಿಳಿ ಗೀಟುಗಳ ಹೊರತು ಬೇರೇನೂ ಕಾಣುವ ಹಾಗಿರಲಿಲ್ಲ. "ಯಾವ್ದು ಅವ್ನ್ ಎಸ್ರು?" ಎಂದು ಕೇಳಿದಳು. ಅತ್ತಿಗೆ ತೋರಿಸಿದಳು. ಅವ್ವ ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಅಳಿಸದ ಹಾಗೆ, ಮಗನ ಹೆಸರಿನ ಮೇಲೆ ಮುಟ್ಟಿಯೂ ಮುಟ್ಟದಂತೆ ಬೆರಳು ಆಡಿಸಿದಳು.

"ಏನಂತ ಬರ್ದದೆ? ಓದವ್ವ."

ನಾನು ಓದಲೆಂದು ಬಾಯಿ ತೆಗೆದೆ. ಅವ್ವ ನನ್ನನ್ನು ತಡೆದು, "ನೀನಲ್ಲ, ಅವ್ಳು ಓದ್ಲಿ" ಅಂದಳು. ಅತ್ತಿಗೆ ಗೋಡೆಯ ಮುಂದೆ ನಿಂತು ಮುಖ ಎತ್ತಿದಳು. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಆಮೇಲೆ ಬಂತು.

"ಮಹದೇವ" ಅಂದಳು.

ಗೋಡೆ ಹಿಡಿದುಕೊಂಡು, "ಮಹದೇವ ಆಲ್ವೇಸ್ ಕಮ್ಸ್ ಹೋಮ್ ಲೇಟ್" ಎಂದು ಪೂರ್ತಿ ಓದಿದಳು. ಆಮೇಲೆ ಅವ್ವನಿಗೆ ತಿಳಿಯಲೆಂದು ಕನ್ನಡದಲ್ಲಿ, "ಮಾದೇವ ಯಾವಾಗ್ಲೂ ಮನೆಗೆ ತಡವಾಗ್ ಬತ್ತಾರೆ ಅಂತ ಅತ್ತೆ" ಅಂದಳು. ಅಷ್ಟು ದಿನ ಅಳದವಳು ಅವತ್ತು ಅತ್ತಳು. ಹೆಸರು ಹಿಡಿದು ಅತ್ತಳು. ಆಸ್ಪತ್ರೆಯ ಕಂಬದ ಹತ್ತಿರ ಒಳಗೇ ಉಳಿದಿದ್ದ ಹೆಸರನ್ನೆಲ್ಲ ಮತ್ತೆ ಮತ್ತೆ ಕೂಗಿ ಹೊರಗೆ ಹಾಕಿದಳು. ಅವ್ವ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು, "ಕರಿ ಕಣವ್ವ, ಕರಿ, ಇನ್ಯಾಕ್ ಎದ್ರಿಕೆ" ಎಂದು ಬೆನ್ನು ಸವರುತ್ತಿದ್ದಳು. ನಾನು ಸ್ಟೌ ಹಚ್ಚಿದೆ. ಮೂವರಿಗೂ ಕಾಫಿ ಬೇಕಿತ್ತು, ಕೈಗೆ ಏನಾದರೂ ಕೆಲಸವೂ ಬೇಕಿತ್ತು.

ಸಂಜೆ ಅವ್ವ ಆ ವಾಕ್ಯದ ಸುತ್ತ ಬಿಟ್ಟು ಉಳಿದ ಗೋಡೆಯನ್ನೆಲ್ಲ ಉಜ್ಜಿದಳು. ಆಮೇಲೆ ನನ್ನನ್ನು ಕರೆದು, "ನಾಳಿಂದ ಪಾಠ ಏಳ್ಕೊಡು. ಯಾರಾದ್ರೂ ಕೇಳಿದ್ರೆ ನಾನೇ ಕಳುಸ್ದೆ ಅನ್ನು" ಅಂದಳು.

ಪರೀಕ್ಷೆ ಟಿ. ನರಸೀಪುರದಲ್ಲಿತ್ತು. ಅತ್ತಿಗೆಯ ಜೊತೆ ನಾನು ಬಸ್ಸಿನಲ್ಲಿ ಹೋದೆ. ಮಳೆ ನಿಂತು ಭತ್ತದ ಗದ್ದೆಗಳ ಮೇಲೆ ತೆಳು ಬಿಸಿಲು ಬಿದ್ದಿತ್ತು. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಿದ್ದಳು. ಬಾಯಿಪಾಠ ಮಾಡುತ್ತಿದ್ದಾಳೆ ಅಂದುಕೊಂಡೆ, ಕಿವಿಗೊಟ್ಟರೆ ಅಣ್ಣನ ಹೆಸರು. ಪರೀಕ್ಷೆ ಬರೆದು ಬಂದ ಮೇಲೆ, ಸಂಗಮದ ಹತ್ತಿರ ಹೋಗೋಣ ಅಂದಳು. ಕಪಿಲೆ ನಮ್ಮೂರಿಂದ ಹರಿದು ಬಂದು ಅಲ್ಲಿ ಕಾವೇರಿಗೆ ಸೇರುತ್ತದೆ. ಒಂದು ಕಡೆ ಕೆಂಪು ನೀರು, ಒಂದು ಕಡೆ ತಿಳಿ ನೀರು. ಅವಳು ಕೆಂಪು ನೀರಿನ ಕಡೆಯನ್ನೇ ನೋಡುತ್ತ ಕೂತಳು.

"ನಾವ್ ನಂಜನಗೂಡಲ್ಲಿ ಬುಟ್ಟಿದ್ದು ಇಲ್ಲಿಗೇ ಬರಬೇಕಲ್ವಾ ಸುಸೀಲ?"

"ಇಷ್ಟೊತ್ತಿಗೆ ಬಂದು ಮುಂದೆ ಹೋಗಿರುತ್ತೆ ಅತ್ಗೆ."

"ಇಲ್ಲ ಕಣೆ. ಇನ್ನೂ ಬಂದಿರಕಿಲ್ಲ. ದಾರೀಲಿ ಯಾರಾದ್ರೂ ಸಿಕ್ಕಿರ್ತಾರೆ, ಮಾತಾಡ್ತಾ ನಿಂತಿರ್ತಾರೆ" ಅಂದಳು. ಸ್ವಲ್ಪ ನಕ್ಕಳು. ಅಣ್ಣ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಾನು ಮುಖ ಆ ಕಡೆ ತಿರುಗಿಸಿಕೊಂಡೆ.

ಪಾಸಾದಳು. ಗಡಿಯ ಮೇಲೇ ನಿಂತ ಅಂಕಗಳು, ಆದರೂ ಪಾಸು. ಹೆಮ್ಮಿಗೆಗೆ ಹೋಗಿ ಕೆಲಸಕ್ಕೆ ಸೇರಿಕೊಂಡಳು. ಅವ್ವನನ್ನೂ ತನ್ನ ಜೊತೆಯೇ ಕರೆದುಕೊಂಡು ಹೋದಳು. ನಂಜನಗೂಡಿನ ಬಾಡಿಗೆ ಮನೆಯನ್ನು ಬಿಟ್ಟೆವು. ಆ ಗೋಡೆಗೆ ಮುಂದೆ ಬಂದವರು ಸುಣ್ಣ ಹೊಡೆಸಿದರೋ, ಹಾಗೇ ಬಿಟ್ಟರೋ, ನಾನು ಹೋಗಿ ನೋಡಿಲ್ಲ. ಅಲ್ಲಿಂದಾಚೆ ಪ್ರತಿ ವರ್ಷವೂ ಆಡ್ವರ್ಬ್ ಪಾಠ ಮಾಡುತ್ತೇನೆ. ಬೋರ್ಡಿನ ಮೇಲೆ ಯಾವ ಹೆಸರು ಬೇಕಾದರೂ ಬರೆಯುತ್ತೇನೆ, ಅದೊಂದು ಹೆಸರು ಬರೆಯುವುದಿಲ್ಲ.

ಸ್ಟಾಫ್ ರೂಮಿನಿಂದ ಎದ್ದು ಹೊರಗೆ ನಿಂತ ಆ ದಿನವೇ ಮಧ್ಯಾಹ್ನ ರಜೆ ಹಾಕಿ ಹೆಮ್ಮಿಗೆಯ ಬಸ್ಸು ಹತ್ತಿದೆ. ಅತ್ತಿಗೆಯನ್ನು ನೋಡಬೇಕು ಅನ್ನಿಸಿತು, ಅಷ್ಟೇ. ಮನೆಗೆ ಹೋಗದೆ ನೇರವಾಗಿ ಅಂಗನವಾಡಿಗೆ ಹೋದೆ. ಹೊಸ ಮಕ್ಕಳನ್ನು ಸೇರಿಸಿಕೊಳ್ಳುವ ಕಾಲ. ಜಗಲಿಯ ಮೇಲೆ ತಾಯಂದಿರು ಕೊಡೆ ಮಡಿಸಿಟ್ಟು ಕೂತಿದ್ದರು. ಒಳಗೆ ಅತ್ತಿಗೆ ಚಾಪೆಯ ಮೇಲೆ ಕೂತು ಒಬ್ಬೊಬ್ಬರನ್ನೇ ಕರೆಯುತ್ತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ನನ್ನನ್ನು ನೋಡಲಿಲ್ಲ.

ಅವಳ ಮುಂದೆ ಒಬ್ಬಳು ಹೊಸ ಹುಡುಗಿ, ಮಡಿಲಲ್ಲಿ ಮಗು. ಮಗುವಿನ ಹೆಸರು ಹೇಳಿ ಆಗಿತ್ತು.

"ಅಪ್ಪನ್ ಎಸ್ರು?" ಎಂದು ಕೇಳಿದಳು ಅತ್ತಿಗೆ.

ಹುಡುಗಿ ತಲೆ ತಗ್ಗಿಸಿ ಸೆರಗು ಬಾಯಿಗೆ ಹಿಡಿದಳು. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬಾಕೆ, "ಅವ್ಳು ಏಳಕಿಲ್ಲ ಮಿಸ್ಸೆ, ನಾನ್ ಏಳ್ತೀನಿ ಬರ್ಕಳಿ" ಎಂದು ಮುಂದೆ ಬಂದಳು. ಅತ್ತಿಗೆ ಕೈಯೆತ್ತಿ ಅವಳನ್ನು ತಡೆದಳು.

"ನೀನಲ್ಲ ಕಣವ್ವ. ಅವ್ಳೇ ಏಳ್ಲಿ. ಏಳೋಗಂಟ ನಾನ್ ಬರಿಯಕಿಲ್ಲ" ಅಂದಳು.

"ಮಿಸ್ ಎಲ್ರಿಗೂ ಇಂಗೇ ಮಾಡ್ತಾರೆ, ಏಳ್ಬುಡೆ" ಎಂದು ಹೊರಗಿನವರು ನಕ್ಕರು. ಹುಡುಗಿ ತನ್ನ ಮಂಡಿಗೆ ಹೇಳಿಕೊಂಡಂತೆ ಏನೋ ಅಂದಳು.

"ಮೆಲ್ಲುಗಲ್ಲ. ಜೋರಾಗಿ ಏಳು."

"ನಾಗರಾಜ" ಅಂದಳು ಹುಡುಗಿ, ಕಣ್ಣು ಮುಚ್ಚಿಕೊಂಡು. ಅತ್ತಿಗೆ ಬರೆದುಕೊಂಡಳು. ಮುಖ ಕೆಂಪಗಾಗಿದ್ದ ಹುಡುಗಿಗೆ ಈಗ ಧೈರ್ಯ ಬಂದಿತ್ತು, ಮೊಂಡುತನವೂ ಬಂದಿತ್ತು. "ನಮ್ ಕೈಲಿ ಏಳುಸ್ತೀರಲ್ಲ, ನಿಮ್ಮೆಜಮಾನ್ರ ಎಸ್ರೇನ್ ಮಿಸ್ಸೆ?" ಎಂದು ಕೇಳೇಬಿಟ್ಟಳು.

ಪಕ್ಕದಲ್ಲಿ ಕೂತಿದ್ದಾಕೆ ಅವಳ ತೋಳು ಚಿವುಟಿದಳು. ಅತ್ತಿಗೆ ಪೆನ್ನು ಕೆಳಗಿಟ್ಟಳು. ಅಡುಗೆಮನೆಯ ಗೋಡೆಯ ಮುಂದೆ ನಿಂತಾಗ ಎತ್ತಿದ ಹಾಗೆಯೇ ಮುಖ ಎತ್ತಿದಳು.

"ಮಾದೇವ" ಅಂದಳು, ಮಳೆ ಸದ್ದಿನ ಮೇಲೆ, ಆಚೆ ರಸ್ತೆಗೂ ಕೇಳುವಷ್ಟು ಜೋರಾಗಿ.